ಎರಡು ದಿನದ ತಾಲೀಮು

ಹಳಿಯಾಳ,
೧೩ ನವೆಂಬರ್ ೧೯೬೧

ಪ್ರೀತಿಯ ಮಗಳೇ ಈರಕ್ಕಾ,

ಮಳಗಿಯ ಮಣ್ಣಿನಲ್ಲಿ ಬೆಳಗುತ್ತಿರುವ ನನ್ನ ಮಾಣಿಕ್ಯವೇ, ಹೇಗಿದ್ದೀ? ಅಳಿಯಂದಿರು ಕರಿಬಸಪ್ಪನವರ ಸೊಂಟನೋವು ಇಳಿಯಿತೇ? ನಿನಗೆ ಕೆಮ್ಮು ಇನ್ನೂ ಇದ್ದರೆ ತಣ್ಣೀರು ಮುಟ್ಟಬೇಡ. ನಿಮ್ಮವ್ವ ಗಟ್ಟಿಯಾಗಿದ್ದಾಳೆ; ನಾನು ಬಾಯಿ ತೆರೆದರೆ ಮಾಡಿನ ಹಂಚುಗಳು ಅಲುಗುತ್ತವೆ ಎಂದು ಬೈಯುವಷ್ಟು ಗಟ್ಟಿ. ಮಾಲವ್ವನ ಕೂಸು ಚೆನ್ನಾಗಿ ಹಾಲು ಕುಡಿಯುತ್ತಿದೆ. ದಾಂಡೇಲಿಯಲ್ಲಿ ಜ್ವರದಿಂದ ತೀರಿಕೊಂಡ ನಿನ್ನ ತಮ್ಮ ಚನಬಸಪ್ಪನ ಹಣೆಯೇ ಅದಕ್ಕೆ ಬಂದಿದೆ. ಆ ಹಣೆ ಕಂಡರೆ ಸಾಕು, ಐದು ಊರಿಗೆ ಕೇಳಿಸುವ ನಾಟಕದ ಕಂಠದ ನಾನು ಪಿಸುಮಾತಿನಲ್ಲಿ ಜೋಗುಳ ಹಾಡುತ್ತೇನೆ.

ಆ ಕೂಸನ್ನು ನಿನ್ನ ಉಡಿಯಲ್ಲಿ ಹಾಕುವುದೆಂದು ನಾವು ಹಿರಿಯರು ಮಾತಾಡಿಕೊಂಡದ್ದು ನಿನಗೆ ಗೊತ್ತೇ ಇದೆ. ಗಂಡ ಸತ್ತ ಎಳೆ ಸೊಸೆ ಮಾಲವ್ವ ಒಬ್ಬಳೇ ಹೇಗೆ ಸಾಕಿಯಾಳು, ಮಕ್ಕಳಿಲ್ಲದ ನಿನ್ನ ಮನೆಯೂ ತುಂಬೀತು ಎಂದು ನಮ್ಮ ವಿಚಾರ. ದತ್ತಕದ ದಿನಕ್ಕೆಂದು, "ಇಗೋ ಮಗಳೇ, ನನ್ನ ವಂಶದ ಕುಡಿಯನ್ನು ನಿನಗೆ ಒಪ್ಪಿಸಿದೆನು!" ಎಂಬ ಮಾತನ್ನು ಕೊಟ್ಟಿಗೆಯಲ್ಲಿ ನಿಂತು ಬಾಯಿಪಾಠ ಮಾಡಿದ್ದೆ, ಎಮ್ಮೆ ಬೆದರಿ ಅಂದು ಹಾಲೇ ಕೊಡಲಿಲ್ಲ. ಆಗ ಪ್ರವೇಶ ಮಾಡಿದರು ನೋಡು, ದವಾಖಾನೆಯ ನರ್ಸ್ ಬಾಯಾರು ಮಹಾದೇವಕ್ಕ! ಬಾಣಂತಿಯನ್ನು ನೋಡಲು ಬಂದವರು ಪಡಸಾಲೆಯಲ್ಲಿ ನಾನು ಮತ್ತೆ ಹೇಳುತ್ತಿದ್ದ ಅದೇ ಮಾತನ್ನು ಪೂರ್ತಿ ಕೇಳಿ, "ಚಲೋ ಅಂದ್ರಿ ಯಜಮಾನ್ರ. ಆದ್ರ ಕೊಡೋ ಕೈ ನಿಮ್ಮದಲ್ಲ, ಹಡದಾಕಿದು. ಆಕೀನ್ನ ಕೇಳೀರೇನು?" ಎಂದರು. ಕೇಳಿರಲಿಲ್ಲ, ಮಗಳೇ. ಯಾರೂ ಕೇಳಿರಲಿಲ್ಲ.

ನಮ್ಮನ್ನೆಲ್ಲ ಹೊರಗೆ ಹಾಕಿ ಬಾಯಾರು ಮಾಲವ್ವನ ಪಕ್ಕ ಕುಳಿತರು. ನಾನು ಕದದ ಹಿಂದೆ ನಿಂತೆ. ನಟನಿಗೆ ಪರದೆಯ ಹಿಂದೆ ನಿಲ್ಲುವುದು ರೂಢಿ. ಕೊಡು ಎನ್ನಲಿಲ್ಲ, ಇಟ್ಟುಕೋ ಎನ್ನಲಿಲ್ಲ, ಬಾಯಾರು. "ಕೊಟ್ಟರ ನಾಳೆ ಈ ಕೂಸು ನಿನಗ ಅತ್ತಿ ಅಂತೈತಿ. ಇಟ್ಕೊಂಡರ ಅವ್ವ ಅಂತೈತಿ. ಹಸದಾಗೂ ಅಂತೈತಿ, ಜ್ವರ ಬಂದಾಗೂ ಅಂತೈತಿ. ಒಂದು ದಿನ ಅತ್ತಿ ಆಗಿ ನೋಡು, ಒಂದು ದಿನ ಅವ್ವ ಆಗಿ ನೋಡು. ಆಮ್ಯಾಲೆ ಹೇಳು ತಂಗಿ. ಏನ ಹೇಳಿದರೂ ನಾ ನಿನ್ನ ಜೋಡಿ ಇರತೇನಿ" ಎಂದರು. ತಾಲೀಮು, ಈರಕ್ಕಾ, ತಾಲೀಮು! ಎಷ್ಟೋ ನಾಟಕದ ಮಾಸ್ತರರ ಕೈಯಲ್ಲಿ ಪಳಗಿದವನು ನಾನು. ಇಂಥ ತಾಲೀಮು ಕೊಟ್ಟವರನ್ನು ಕಾಣೆ.

ಮೊದಲ ದಿನ ಹಾಲೂಡಿಸುವುದೊಂದನ್ನು ಬಿಟ್ಟು ಉಳಿದದ್ದೆಲ್ಲ ನಿಮ್ಮವ್ವನದು. ಮಾಲವ್ವ "ಅತ್ತಿ ಬಂದಾಳಪಾ" ಎನ್ನುತ್ತ ಬಂದಳು, ಹೋದಳು, ತಲೆ ಬಾಚಿಕೊಂಡಳು, ಬಿಸಿರೊಟ್ಟಿ ಉಂಡಳು. ಮುಖ ತಿಳಿಯಾಗಿತ್ತು. ಕೂಸು ನಿನ್ನದಾಯಿತೆಂದೇ ತಿಳಿದೆ. ಮರುದಿನ ಯಾರೂ ಕೈ ಹಾಕಬಾರದೆಂದು ಬಾಯಾರ ಅಪ್ಪಣೆ. ಕೂಸು ಕಿರುಚಿತು, ಕಕ್ಕಿತು, ಒಲೆಯ ಮೇಲೆ ಅನ್ನ ಸೀದುಹೋಯಿತು. ನಾನು ಏಳಹೋದರೆ ನಿಮ್ಮವ್ವ, "ಕುಂದರ್ರಿ, ಇದರಾಗ ನಿಮ್ಮ ಪಾರ್ಟ ಇಲ್ಲ" ಎಂದು ಧೋತರ ಹಿಡಿದು ಕೂರಿಸಿದಳು. ಸಂಜೆಗೆ ಮಾಲವ್ವ ಗೋಡೆಗೊರಗಿ ಬಿಕ್ಕಿ ಬಿಕ್ಕಿ ಅತ್ತಳು. ಅಷ್ಟರಲ್ಲಿ ಮಹಾದೇವಕ್ಕ ಬಂದು ಕೇಳಿದರು. ಸೊಸೆ ಹೇಳಿದ್ದನ್ನು ಒಂದಕ್ಷರ ಬಣ್ಣ ಹಚ್ಚದೆ ಬರೆಯುತ್ತೇನೆ: "ಅತ್ತಿ ಆದಾಗ ಹಗರ ಆತ್ರಿ ಬಾಯಾರ. ಅವ್ವ ಆದಾಗ ಭಾಳ ತ್ರಾಸ ಆತು. ನನಗ ಆ ತ್ರಾಸನ ಬೇಕ್ರಿ. ಈರಕ್ಕನ ಮುಂದ ಹೆಂಗ ಹೇಳಲಿ?" ಬಾಯಾರು ಭೇಷ್ ಎನ್ನಲಿಲ್ಲ, ಕಣ್ಣೊರೆಸಿಕೊಳ್ಳಲಿಲ್ಲ. "ಹೊಲಿಗಿ ಕ್ಲಾಸಿಗೆ ನಿನ್ನ ಹೆಸರ ಹಚ್ಚತೇನಿ. ಕೂಸಿನ್ನ ಎತ್ಕೊಂಡ ಬಾ, ಅಲ್ಲೇ ಮಲಗಸೂಣು" ಎಂದರು, ಅಷ್ಟೇ. ನಾನಾಗಿದ್ದರೆ ಮೂರು ಕಂದಪದ್ಯ ಹಾಡುತ್ತಿದ್ದೆ!

ಹೀಗಾಗಿ, ಮಗಳೇ, ಕೂಸು ಮಳಗಿಗೆ ಬರುವುದಿಲ್ಲ. ಇದನ್ನು ಯಾವ ರಾಗದಲ್ಲಿ ಹೇಳಬೇಕೋ ನನಗೆ ತಿಳಿಯದು. ನೀನು ಆಗಲೇ ತೊಟ್ಟಿಲು ಕಟ್ಟಿಸಿದ್ದೀ ಎಂದು ಅಳಿಯಂದಿರು ಹೇಳಿದ್ದರು. ಮಾಲವ್ವನ ಮೇಲೆ ಸಿಟ್ಟಾಗಬೇಡ ಎಂದು ಬರೆಯಹೋದೆ. ಸಿಟ್ಟು ನಿನ್ನದು, ಅದಕ್ಕೆ ನಾನ್ಯಾವ ಯಜಮಾನ ಎಂದು ಬಿಟ್ಟೆ.

ಬಸವಣ್ಣ ನಿಮ್ಮಿಬ್ಬರ ಬೆನ್ನಿಗಿರಲಿ. ಅಳಿಯಂದಿರಿಗೆ ನನ್ನ ಶರಣು.

ನಿನ್ನ ಅಪ್ಪ,
ಅಂದಾನೆಪ್ಪ

ತಾ.ಕ.: ಟಪಾಲಿನವ ಬಾಗಿಲಲ್ಲಿ ನಿಂತಿದ್ದಾನೆ. ಹೇಳಬೇಕಾದದ್ದೇ ಉಳಿಯಿತು. ಹೊರಡುವಾಗ ಮಹಾದೇವಕ್ಕ ಅಂಗಳದಲ್ಲಿ ತಿರುಗಿ ನಿಂತು, "ಮಳಗಿ ಮಗಳನ್ನರೆ ಕೇಳೀರೋ ಇಲ್ಲೋ, ಆಕೀ ಮನಸಿನ್ಯಾಗ ಏನೈತಿ ಅಂತ?" ಎಂದರು. ಅದನ್ನೂ ಕೇಳಿರಲಿಲ್ಲ. ಗುರುವಾರದ ಮೋಟಾರಿಗೆ ಅವರು ಬರುತ್ತಾರೆ, ನಿನ್ನ ಹತ್ತಿರ ಕೂರಲಿಕ್ಕೆ. ನಾನೂ ಬರಲೇ ಎಂದೆ. "ಬರ್ರಿ, ಬಾಯಿ ಹಳಿಯಾಳದಾಗ ಇಟ್ಟ ಬರ್ರಿ" ಎಂದರು. ಬರುತ್ತೇನೆ. ಅಳಬೇಕೆನಿಸಿದರೆ ಅಳು, ಬೈಯಬೇಕೆನಿಸಿದರೆ ನನ್ನನ್ನೇ ಬೈ. ನೀನು ಮಾತಾಡು ಮಗಳೇ, ನಾನು ಕೇಳುತ್ತೇನೆ.