ಎರಡು ಹೆಬ್ಬೆರಳಿನ ಕೆಲಸ

ಮಾನ್ಯ ಡಾಕ್ಟರರಿಗೆ,

ನಮಸ್ಕಾರ. ಕಳೆದ ತಿಂಗಳು ನೀವು ದವಡೆಯ ಆಪರೇಷನ್ ಮಾಡಿದ ಹೆಂಗಸಿನ ಗಂಡ ನಾನು, ವಾಚ್ ರಿಪೇರಿಯವನು. ಅವಳು ಚೆನ್ನಾಗಿದ್ದಾಳೆ. ಕಿವಿಯ ಮುಂದೆ ನೀವು ಮಾಡಿದ ಎರಡು ತೂತುಗಳ ಗುರುತನ್ನು ನನ್ನ ಅಂಗಡಿಯ ಮಸೂರ ಕಣ್ಣಿಗೆ ಸಿಕ್ಕಿಸಿಕೊಂಡು ಹುಡುಕಿದೆ. ಸಿಗಲಿಲ್ಲ. ಸುಳ್ಳೇಕೆ ಹೇಳಲಿ, ಏನಾದರೂ ಹುಳುಕು ಸಿಗಲಿ ಎಂದೇ ಹುಡುಕಿದ್ದು.

ಕೀಲಿನೊಳಗೆ ಜಾರಿದ್ದ ಬಿಲ್ಲೆಯನ್ನು ಅದರ ಜಾಗದಲ್ಲಿ ಕೂರಿಸಿದಿರಂತೆ. ಹನ್ನೊಂದು ವರ್ಷ ಆ ದವಡೆ ಕಚ್ಚಿಕೊಂಡಾಗಲೆಲ್ಲ ಎರಡು ಹೆಬ್ಬೆರಳು ಅವಳ ಬಾಯೊಳಗಿಟ್ಟು, ಮೆಲ್ಲಗೆ ಕೆಳಗೊತ್ತಿ ಬಿಡಿಸುತ್ತಿದ್ದವನು ನಾನು. ನೆಂಟರ ಮನೆಯಲ್ಲಾಗಲಿ, ಬಸ್ಸಿನಲ್ಲಾಗಲಿ, ಅವಳ ಕಣ್ಣು ಮೊದಲು ಹುಡುಕುತ್ತಿದ್ದುದು ನನ್ನನ್ನು. ಟಕ್ಕೆಂದು ಬಿಟ್ಟುಕೊಂಡ ಮೇಲೂ ಸ್ವಲ್ಪ ಹೊತ್ತು ನನ್ನ ಕೈ ಹಿಡಿದೇ ಇರುತ್ತಿದ್ದಳು.

ಈಗ ಸೇಬನ್ನು ಇಡಿಯಾಗಿ ಕಚ್ಚುತ್ತಾಳೆ. ಬಾಯಿ ಎಷ್ಟು ತೆರೆಯುತ್ತದೆ ಎಂದು ಕನ್ನಡಿಯ ಮುಂದೆ ಮೂರು ಬೆರಳಿಟ್ಟು ನೋಡುತ್ತಾಳೆ. ನಾನು ಕೈ ಚಾಚಿದರೆ, "ಬೇಡ ಬಿಡಿ, ಅವರವರ ಬೆರಳಲ್ಲೇ ಅಳೀಬೇಕಂತೆ, ಡಾಕ್ಟ್ರು ಹೇಳಿದಾರೆ" ಎನ್ನುತ್ತಾಳೆ. ದಿನವಿಡೀ ಡಾಕ್ಟ್ರು ಹಾಗಂದ್ರು, ಡಾಕ್ಟ್ರು ಹೀಗಂದ್ರು. ನನ್ನ ಹೊಟ್ಟೆಯುರಿಗೆ ನಿಮ್ಮಲ್ಲಿ ಮಾತ್ರೆ ಇರಲಾರದು.

ಸೋಮವಾರ ತಪಾಸಣೆಗೆ ಬರುತ್ತೇವೆ. ಒಂದು ಕೋರಿಕೆ. ಇಬ್ಬರು ಸೇರಿ ಮಾಡುವಂಥ ವ್ಯಾಯಾಮ ಏನಾದರೂ ಇದ್ದರೆ ಚೀಟಿಯಲ್ಲಿ ಬರೆದುಕೊಡಿ. ಅದರಿಂದ ದವಡೆಗೆ ಉಪಯೋಗವಾಗದಿದ್ದರೂ ಚಿಂತೆಯಿಲ್ಲ. ನೀವು ಬರೆದರೆ ಅವಳು ಮಾಡುತ್ತಾಳೆ.

ಇಂತಿ,
ನಿಮ್ಮ ಕೋಣೆಯ ಹೊರಗೆ ಅವಳ ಚೀಲ ಹಿಡಿದು ಕೂರುವವನು