ದಂಡೆಯಲ್ಲಿ ಕೇಳಿದ ಹೆಸರು

ಮುರ್ಡೇಶ್ವರ, ೧೯೬೪

ಅಣ್ಣಾ,

ಇವತ್ತು ಸಂಜೆ ಸಮುದ್ರದ ದಂಡೆಯಲ್ಲಿ ಯಾರೋ "ಮಾದೇವಾ" ಎಂದು ನಿನ್ನ ಹೆಸರು ಹಿಡಿದು ಕೂಗಿದರು. ಒಣಮೀನು ಹೆಕ್ಕುತ್ತಿದ್ದ ನಾನು ಬುಟ್ಟಿ ಬಿಟ್ಟು ಎದ್ದು ನಿಂತೆ. ಬೆಳಕು ಹಾಲಿನಂತೆ ಮಬ್ಬಾಗಿತ್ತು. ಆ ಮಬ್ಬಿನೊಳಗಿಂದ ನೀನೇ ಕಾಲು ಒದ್ದೆ ಮಾಡಿಕೊಂಡು ನಡೆದು ಬರುತ್ತೀಯೇನೋ ಅನ್ನಿಸಿತು.

ಬಂದವನು ಮೊಣಕಾಲೆತ್ತರದ ಒಬ್ಬ ಪೋರ. ಕೂಗಿದವಳು ಅವನ ತಾಯಿ; ಕುಮಟೆಯವಳು, ಮೊನ್ನೆಯಷ್ಟೇ ನಮ್ಮ ಕೇರಿಗೆ ಬಾಡಿಗೆಗೆ ಬಂದವಳು.

"ಅಕ್ಕಾ, ಇವನ್ನ ಕರೆದರೆ ಎಲ್ಲರೂ ಎಂತಕ್ಕೆ ಹಾಂಗೆ ನೋಡ್ತಾರೆ? ಇವನ ಅಜ್ಜನ ಹೆಸರು ಅದು" ಎಂದಳು.

ನಾನು ಮತ್ತೆ ಬುಟ್ಟಿಗೆ ಬಗ್ಗಿದೆ. ಒಂದು ಕಾಲದಲ್ಲಿ ಅಮ್ಮ ನಿನ್ನನ್ನು ಕೂಗಿದರೆ ದಂಡೆಯ ಅರ್ಧ ಹುಡುಗರು ಓಗೊಡುತ್ತಿದ್ದರು. ಘಟ್ಟದ ದಾರಿಯಲ್ಲಿ ನೀನು ಮಾಡಿದ ಕೊಲೆಗಳು ಪೇಪರಿನಲ್ಲಿ ಬಂದವು, ನಿನ್ನನ್ನು ಗಲ್ಲಿಗೇರಿಸಿದರು. ಅಂದಿನಿಂದ ಈ ಕೇರಿಯ ಒಂದು ತೊಟ್ಟಿಲಲ್ಲೂ ಆ ಹೆಸರು ಇಟ್ಟಿಲ್ಲ. ಗುಡಿಯಲ್ಲಿ ಅದೇ ಹೆಸರಿಗೆ ಅಡ್ಡಬೀಳುತ್ತಾರೆ, ಮನೆಯೊಳಗೆ ಮಾತ್ರ ಬೇಡವಂತೆ!

"ನಿಮ್ಮ ಮಗನ ಹೆಸರು ಎಂತ?" ಎಂದು ಅವಳೇ ಕೇಳಿದಳು.

"ಸುರೇಶ" ಎಂದೆ. 'ಗಂಡು ಹುಟ್ಟಿದರೆ ನನ್ನ ಹೆಸರೇ ಇಡಬೇಕು' ಎಂದು ನೀನು ನನ್ನ ಮದುವೆಯ ದಿನ ಹೇಳಿದ್ದೆ. ಅದನ್ನು ಅವಳಿಗೆ ಹೇಳಲಿಲ್ಲ.

ನಾವು ಮಾತಿನಲ್ಲಿದ್ದಾಗ ಪೋರ ಅಲೆಯ ಕಡೆಗೆ ಓಡತೊಡಗಿದ. ತಾಯಿಗಿಂತ ಮೊದಲು ನನ್ನ ಬಾಯಿಂದಲೇ ಕೂಗು ಹೊರಟಿತು.

"ಮಾದೇವಾ, ಹೋಗಬೇಡ! ತಿರುಗಿ ಬಾ!"

ಅವನು ತಿರುಗಿ ಬಂದ, ಅಣ್ಣಾ.