ಬಸ್ಸಿಗೆಲ್ಲ ಕೇಳಿದ ದನಿ

ಜಿಗಣಿ
ಬುಧವಾರ, ೧೨ ನವೆಂಬರ್ ೨೦೨೫

ಪ್ರೀತಿಯ ಭಾಗ್ಯಕ್ಕಾ,

ನಿನ್ನ ಮೊಣಕಾಲು ನೋವು ಹೇಗಿದೆ? ಮಾವನವರ ಕೆಮ್ಮು ಇಳಿಯಿತೇ? ಸಿಂಧನೂರಿನಲ್ಲೂ ಈಗ ಚಳಿ ಶುರುವಾಗಿರಬೇಕು, ಬೆಳಿಗ್ಗೆ ತಣ್ಣೀರಿನಲ್ಲಿ ಪಾತ್ರೆ ತಿಕ್ಕಬೇಡ. ಕೈಯಲ್ಲಿ ಫೋನ್ ಇದ್ದೂ ಈ ಹುಚ್ಚಿ ಕಾಗದ ಯಾಕೆ ಬರೆದಳು ಎಂದು ನಗುತ್ತಿರಬಹುದು. ನಗು. ಕಾಗದವನ್ನು ಜೋರಾಗಿ ಹಚ್ಚಿ ಬಸ್ಸಿಗೆಲ್ಲ ಕೇಳಿಸಲು ಬರುವುದಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಜಿಗಣಿಯಿಂದ ಬೊಮ್ಮನಹಳ್ಳಿಯ ನಮ್ಮ ಗಾರ್ಮೆಂಟ್ಸ್‌ಗೆ ದಿನಾ ಹೋಗುವ ಬಸ್ಸಿನ ಗಲಾಟೆ ನಿನಗೆ ಗೊತ್ತೇ ಇದೆ, ಹೇಳಿ ಹೇಳಿ ನಿನ್ನ ಕಿವಿ ತೂತು ಬಿದ್ದಿರಬೇಕು. ಒಬ್ಬ ರೀಲ್ಸ್ ಹಾಕುತ್ತಾನೆ, ಇನ್ನೊಬ್ಬಳು ಧಾರಾವಾಹಿ, ಬಾಗಿಲ ಬಳಿ ನಿಂತವನದು ಮೇಸ್ತ್ರಿಯ ಜೊತೆ ಸ್ಪೀಕರಿನಲ್ಲೇ ಜಗಳ. ನಾನು ಸುಮ್ಮನಿರುವವಳೇ? "ಅಣ್ಣಾ, ಫೋನ್ ನಿಮ್ದು, ಕಿವಿ ನಮ್ದು! ಸಣ್ಣಗ ಮಾಡ್ರಿ" ಎಂದು ಗದರಿಸುತ್ತೇನೆ. ಕಂಡಕ್ಟರ್ ಹೇಮಲತಾ ನನ್ನನ್ನು ಕಂಡ ಕೂಡಲೇ "ಬಂದ್ರಪ್ಪಾ ಸೈಲೆನ್ಸ್ ಮೇಡಂ, ಎಲ್ರೂ ಫೋನ್ ಒಳಗಿಡಿ" ಎಂದು ನಗುತ್ತಾಳೆ.

ಕಳೆದ ಶುಕ್ರವಾರ ಮುಂದಿನ ಸೀಟಿನಲ್ಲಿ ನಮ್ಮ ಕಡೆಯ ಹೆಂಗಸೊಬ್ಬಳು ಪೂರ್ತಿ ಸೌಂಡ್ ಇಟ್ಟು ವಾಯ್ಸ್ ಮೆಸೇಜ್ ಹಚ್ಚಿದಳು. ಬಯ್ಯಲು ಬಾಯಿ ತೆರೆದೆ. ಫೋನಿನೊಳಗೆ ಯಾರೋ ಅಳುತ್ತಾ ಹೇಳುತ್ತಿದ್ದರು: "ಅಕ್ಕಾ, ಗರ್ಭಕೋಶ ತೆಗೀಬೇಕಂತ. ಇನ್ನ ಮಕ್ಕಳಾಗಂಗಿಲ್ಲ. ಇವ್ರಿಗೆ ಹೇಳಿಲ್ಲ. ಅತ್ತೆಗೆ ಗೊತ್ತಾದ್ರ ಇವ್ರಿಗೆ ಇನ್ನೊಂದು ಮದುವಿ ಮಾಡ್ತಾಳ." ಅಯ್ಯೋ ಶಿವನೇ, ಅದು ನನ್ನ ದನಿ! ನಿನಗೆ ಕಳಿಸಿದ್ದು! ದಿನಾ ಊರಿಗೆಲ್ಲ ಬಯ್ಯುವ ನಾನು ಅವತ್ತು ನಿಲ್ಲಿಸಿ ಎನ್ನಲಾರದೆ ಹೋದೆ. ಒಂದು ಮಾತಾಡಿದರೂ ಅದೇ ದನಿ, ಎಲ್ಲರಿಗೂ ಗುರುತು ಸಿಗುತ್ತಿತ್ತು. ಅವಳು ಪಕ್ಕದವಳಿಗೆ "ನಮ್ಮ ಕಡಿ ಹೆಣ್ಮಗಳಂತ್ರಿ, ಸಂಘದ ಗ್ರೂಪಿನ್ಯಾಗ ಬಂದೈತಿ. ಗಂಡಗ ಮುಚ್ಚಿಟ್ಟಾಳ ನೋಡ್ರಿ" ಎಂದು ಮತ್ತೆ ಮೊದಲಿನಿಂದ ಹಚ್ಚಿದಳು. ಮೆಸೇಜಿನ ಕೊನೆಯಲ್ಲಿ ನನ್ನ ದನಿ "ನಿನ್ನ ಬಿಟ್ಟು ಯಾರಿಗೂ ಹೇಳಿಲ್ಲಕ್ಕಾ" ಎಂದಾಗ ಹಿಂದಿನಿಂದ ಒಬ್ಬ "ಈಗ ಬಸ್ಸಿಗೆಲ್ಲಾ ಹೇಳಾಯ್ತಲ್ಲ ಬಿಡಿ" ಎಂದು ಕಿಸಕ್ಕನೆ ನಕ್ಕ. ಹೇಮಲತಾ ನನ್ನ ಮುಖ ನೋಡಿದಳು. ದಿನಾ ನನ್ನ ಗದರಿಕೆ ಕೇಳುವವಳಿಗೆ ಆ ದನಿ ತಿಳಿಯದೇ? "ರೀ ಮೇಡಂ, ಆಫ್ ಮಾಡ್ರೀ ಅದನ್ನ, ಇಲ್ಲಾಂದ್ರೆ ಇಳ್ಕೊಳ್ಳಿ!" ಎಂದು ಕೂಗಿ, ಬೊಮ್ಮನಹಳ್ಳಿ ಬರುವವರೆಗೂ ನಾನು ಯಾರಿಗೂ ಕಾಣದ ಹಾಗೆ ಅಡ್ಡ ನಿಂತಳು.

ಸಂಜೆ ನಿನಗೆ ಫೋನ್ ಮಾಡಿದರೆ ಏನಂದೆ? "ನಾಕು ಮಂದಿ ಕೇಳಿದ್ರ ಏನರ ಔಷಧ ಹೇಳ್ತಾರ ಅಂತ ನಮ್ಮ ಸಂಘದ ಗ್ರೂಪಿಗೆ ಹಾಕೀನಿ. ನಿನ್ನ ಹೆಸರೇನು ಹಾಕಿಲ್ಲಲ್ಲ." ಹೆಸರು ಹಾಕಿಲ್ಲವಂತೆ! ನನ್ನ ಅಳು ಹಾಕಿದ ಮೇಲೆ ಹೆಸರು ಯಾಕೆ ಬೇಕು? "ಬರೀಬ್ಯಾಡ, ಮಾತಾಡಿ ಕಳಿಸು, ನಿನ್ನ ದನಿ ಕೇಳಿದಂಗ ಆಕ್ಕೈತಿ" ಅಂದವಳು ನೀನೇ. ಮಾಕಳಿಯ ಕಾರ್ಖಾನೆಯಿಂದ ಇವರು ಭಾನುವಾರ ಬರುತ್ತಾರಲ್ಲ, ಊಟಕ್ಕೆ ಬಡಿಸಿ ನಾನೇ ಮೆಲ್ಲಗೆ ಹೇಳಬೇಕೆಂದಿದ್ದೆ. ಅವರು ತಟ್ಟೆ ಸರಿಸಿ, ಫೋನ್ ತೆಗೆದು, ಅದನ್ನೇ ಹಚ್ಚಿಟ್ಟರು. ಗ್ರೂಪಿನಿಂದ ಗ್ರೂಪಿಗೆ ಹಾರಿ ಅತ್ತೆಗೂ ಮುಟ್ಟಿತ್ತು, ಅವರೇ ಕಳಿಸಿದ್ದಂತೆ. "ಊರಿಗೆಲ್ಲಾ ಹೇಳೀದಿ, ನನಗ ಹೇಳಲಿಲ್ಲ" ಎಂದು ಉಣ್ಣದೆ ಎದ್ದು ಹೋದವರು ಇನ್ನೂ ಫೋನ್ ಎತ್ತುತ್ತಿಲ್ಲ. ಅಕ್ಕಾ, ನೀನು ನನಗೆ ಮೋಸ ಮಾಡಿದೆ. ಆ ಮಾತನ್ನು ನನ್ನ ಗಂಡನಿಗೆ ನಾನೇ ಹೇಳಬೇಕಿತ್ತು.

ಈಗ ಬಸ್ಸಿನಲ್ಲಿ ಯಾರು ಏನು ಹಚ್ಚಿದರೂ ನಾನು ಸುಮ್ಮನಿರುತ್ತೇನೆ. ಮಾವನವರಿಗೆ ನಮಸ್ಕಾರ, ಮಕ್ಕಳಿಗೆ ಮುತ್ತು. ನಿನಗೆ ಏನು ಬರೆಯಬೇಕೋ ತಿಳಿಯುತ್ತಿಲ್ಲ. ಮೊಣಕಾಲಿಗೆ ಎಣ್ಣೆ ಹಚ್ಚಿಕೋ.

ನಿನ್ನ ತಂಗಿ,
ಶಿವಗಂಗಾ

ಮರೆತಿದ್ದೆ: ಆಪರೇಷನ್ ೨೪ನೇ ತಾರೀಖು, ಸೋಮವಾರ. ನೀನು ಬರುವುದು ಬೇಡ. ಆಸ್ಪತ್ರೆಯ ಫಾರಂನಲ್ಲಿ ಜೊತೆಗಿರುವವರು ಎಂದು ನಿನ್ನ ಹೆಸರು ಬರೆಸಿದ್ದೆ, ನಿನ್ನೆ ಹೋಗಿ ಹೊಡೆದು ಹಾಕಿಸಿದೆ. ಹೇಮಲತಾ ರಜೆ ಹಾಕಿ ಬರುತ್ತಾಳಂತೆ, ಅವಳ ಹೆಸರು ಹೇಳಿದೆ. ಸಂಬಂಧ ಏನೆಂದು ಬರೆಯಲಿ ಎಂದು ನರ್ಸ್ ಕೇಳಿದಳು. ಅಕ್ಕ ಎಂದು ಬರೆಸಿದೆ.